ಹೆಚ್ಚಿದ ಬಾವಿ

ನಮ್ಮ ಹೇರಟ್ಟಿಯಲ್ಲಿ ಬಸ್ಸು ಇಳಿದು ಪಡುವಣಕ್ಕೆ ನಡೆದರೆ, ಊರ ಕೊನೆಯ ಮನೆ ದಾಟಿದ ಕೂಡಲೇ ಒಂದು ದೊಡ್ಡ ಕಲ್ಲುಬಾವಿ ಸಿಗುತ್ತದೆ. ನಾಲ್ಕೂ ಕಡೆ ಮೆಟ್ಟಿಲು, ಮೆಟ್ಟಿಲಿನ ಅಂಚಿಗೆ ಎತ್ತು, ಕೋಣ, ಒಂಟೆಗಳ ಸಾಲು ಸಾಲು ಕೆತ್ತನೆ. ಕೆಳಗೆ ಇಣುಕಿದರೆ ಒಣಮಣ್ಣು, ನಾಲ್ಕು ಜಾಲಿಗಿಡ, ಬಿಸಿಲಿಗೆ ಮಲಗಿದ ಹಾವು. ನನ್ನ ಅಜ್ಜನ ಅಜ್ಜನೂ ಇದರಲ್ಲಿ ನೀರು ಕಂಡವನಲ್ಲ. ಆದರೂ ಇದರ ಹೆಸರು ಹೆಚ್ಚಿದ ಬಾವಿ. ನೋಡಲು ಬಂದವರು ಹೆಸರು ಕೇಳಿ ನಗುತ್ತಾರೆ, ಹಲ್ಲು ಕಿರಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಒಬ್ಬ ಮಹಾಶಯರಂತೂ ಬಂಡೆಯನ್ನು ಬದನೆಕಾಯಿಯ ಹಾಗೆ ಹೆಚ್ಚಿ ಹೆಚ್ಚಿ ತೋಡಿದ್ದರಿಂದ ಈ ಹೆಸರು ಬಂತು ಎಂದು ಬರೆದುಕೊಂಡು ಹೋದರು. ಬದನೆಕಾಯಂತೆ! ಊರಿನಲ್ಲಿ ಬಾಯಿದ್ದವರು ಇಷ್ಟು ಜನ ಇದ್ದೇವೆ, ಒಂದು ಮಾತು ಕೇಳಬಾರದಿತ್ತೇ? ಕೇಳದೆ ಹೋದವರ ತಪ್ಪನ್ನು ತಿದ್ದುವ ಕೆಲಸ ಈಗ ನನ್ನ ತಲೆಗೆ ಬಿದ್ದಿದೆ. ಹಿರಿಯರಿಂದ ಕೇಳಿದ್ದನ್ನು ಕೇಳಿದಂತೆ ಬರೆಯುತ್ತೇನೆ. ಇದು ನಗುವ ಕಥೆಯಲ್ಲ.

ಬಾವಿಯ ಮೇಲಿನ ಮೆಟ್ಟಿಲ ಮೇಲೆ ನಿಂತು ಸುತ್ತ ನೋಡಿದರೆ ಕಣ್ಣು ಹಾಯುವ ತನಕ ಬಯಲು. ಎರೆಯೂ ಅಲ್ಲ, ಮಸಾರಿಯೂ ಅಲ್ಲ, ಬರಿಯ ಸವುಳು ನೆಲ. ಬೇಸಗೆಯಲ್ಲಿ ಉಪ್ಪು ಮೇಲೆದ್ದು ಬೆಳ್ಳಗೆ ಹೊಳೆಯುತ್ತದೆ, ದೂರದಿಂದ ಕೆರೆಯೇ ಇದೆ ಎನ್ನಿಸುತ್ತದೆ. ಅದನ್ನು ನಂಬಿ ನಡೆದ ದನಗಳು ತಿರುಗಿ ಬರುವುದಿಲ್ಲ. ಈಗ ಡಾಂಬರು ರಸ್ತೆ, ಕೊಳವೆಯಲ್ಲಿ ಹೊಳೆಯ ನೀರು ಬಂದಿದೆ, ಆ ಮಾತು ಬೇರೆ. ಹಿಂದೆ ಒಮ್ಮೆ ಈ ಬಯಲನ್ನು ದಾಟುವುದೆಂದರೆ ಮನೆಯವರಿಗೆ ಕೈಮುಗಿದು, ಬಂದರೆ ಬಂದೆ ಎಂದು ಹೇಳಿ ಹೊರಡುವ ಕೆಲಸವಾಗಿತ್ತು ಎನ್ನುತ್ತಾರೆ. ಆದರೂ ದಾಟಲೇಬೇಕಿತ್ತು. ಪಡುವಣ ಕಡಲಿನಿಂದ ಮೆಣಸು, ಕರ್ಪೂರ, ಬಡಗಣ ಮರುಭೂಮಿಯಿಂದ ಕುದುರೆ, ಮೂಡಣದಿಂದ ಹತ್ತಿಬಟ್ಟೆ, ಎಲ್ಲವೂ ಈ ಬಯಲನ್ನು ಹಾಯ್ದೇ ಹೋಗಬೇಕು. ಸುತ್ತಿ ಹೋದರೆ ಅರ್ಧ ತಿಂಗಳು ಹೆಚ್ಚು ನಡೆಯಬೇಕು. ಎತ್ತು, ಒಂಟೆಗಳ ಮೇಲೆ ಹೇರು ಹೊರಿಸಿಕೊಂಡು ಗುಂಪಾಗಿ ನಡೆಯುತ್ತಿದ್ದ ವ್ಯಾಪಾರಿಗಳ ತಂಡಕ್ಕೆ ಆಗ ಸಾತು ಎಂದು ಹೆಸರು.

ಹೀಗಿರುವಾಗ ಮಾಳಿಗನೆಂಬ ಕುರಿಗಾಹಿಯ ಹಿಂಡಿನಿಂದ ಒಂದು ಟಗರು ತಪ್ಪಿಸಿಕೊಂಡು, ಸಂಜೆ ಒದ್ದೆ ಮೂತಿ ಹೊತ್ತು ಬಂತಂತೆ. ಸವುಳಿನ ನಟ್ಟನಡುವೆ ಸಿಹಿನೀರಿನ ಒರತೆ! ಮಾಳಿಗ ಬೇರೆಯವನಾಗಿದ್ದರೆ ಬೇಲಿ ಹಾಕಿ ನೀರು ಮಾರುತ್ತಿದ್ದ. ಇವನು ಅಲ್ಲಿ ಬಾವಿ ತೋಡಿಸಿದ, ಕಲ್ಲು ಕಟ್ಟಿಸಿದ, ಹೇರಿಗೆ ಇಷ್ಟು ಎಂದು ಸುಂಕ ಹಾಕಿದ. ನೀರಿಗೆ ಮಾತ್ರ ಏನೂ ಹಾಕಲಿಲ್ಲ. ಬಾವಿಯ ಸುತ್ತ ಸಂತೆ ಕೂಡಿತು, ಸಂತೆಯ ಸುತ್ತ ಊರು ಬೆಳೆಯಿತು, ಊರಿನ ಸುತ್ತ ಕೋಟೆ ಎದ್ದಿತು. ಹೇರುಗಳು ಇಳಿಯುವ ಊರು ಹೇರುಪಟ್ಟಣವಾಯಿತು, ಮಾಳಿಗನ ಮಕ್ಕಳು ಸವುಳರಸರಾದರು. ಕುರಿ ಕಾಯುತ್ತಿದ್ದವರ ಅಂಗಳದಲ್ಲಿ ಆನೆ ಕಟ್ಟುವ ಕಾಲ ಬಂತು. ಈಗ ಆ ಊರಿನ ಹೆಸರೂ ಸವೆದು ಹೇರಟ್ಟಿಯಾಗಿದೆ. ನಾವು ಅದರ ಅಳಿದುಳಿದ ಜನ.

ಮಾಳಿಗ ಬಿಟ್ಟುಹೋದ ಏರ್ಪಾಡು ಒಂದಿತ್ತು. ಬಯಲು ದಾಟಿ ಬರುವ ಸಾತು ಪಟ್ಟಣಕ್ಕೆ ಒಂದು ಹರದಾರಿ ಇರುವಾಗಲೇ ದಾರಿ ಕವಲಾಗುತ್ತದೆ. ಎಡಕ್ಕೆ ಹೋದರೆ ಪಟ್ಟಣದ ಬಾವಿ, ಬಲಕ್ಕೆ ಹೋದರೆ ಹೊಳೆ. ಹೊಳೆ ದೂರ, ಆದರೂ ಕವಲಿನಿಂದ ನೇರವಾಗಿ ಬಲಕ್ಕೆ ತಿರುಗಿದರೆ ಇದ್ದ ಕಸುವಿನಲ್ಲಿ ದನವೂ ಜನವೂ ಹೇಗೋ ಮುಟ್ಟಬಹುದು. ಎಡಕ್ಕೆ ಹೋಗಿ, ಬಾವಿಯಲ್ಲಿ ನೀರಿಲ್ಲದೆ, ತಿರುಗಿ ಹೊಳೆಯ ದಾರಿ ಹಿಡಿದವರು ಮಾತ್ರ ಮುಟ್ಟುವುದಿಲ್ಲ. ಬಾವಿಯಾದರೋ ಒರತೆಯ ಬಾವಿ. ದೊಡ್ಡದೊಂದು ಸಾತು ಕುಡಿದು ಹೋದರೆ ಮತ್ತೆ ತುಂಬಲು ಸಮಯ ಬೇಕು. ಅದಕ್ಕಾಗಿ ಕವಲಿನ ಮೇಲಿನ ದಿಣ್ಣೆಯಲ್ಲಿ ಒಂದು ಮನೆತನದವರನ್ನು ಇರಿಸಿದ್ದರು. ಕೆಳಗೆ ನಿಂತವರು "ನೀರುಂಟೇ?" ಎಂದು ಕೂಗಬೇಕು, ಮೇಲಿದ್ದವರು ಪಟ್ಟಣದಿಂದ ದಿನವೂ ಬಾವಿಯ ಸ್ಥಿತಿ ತಿಳಿದುಕೊಂಡು "ಉಂಟು" ಎಂದೋ "ಇಲ್ಲ" ಎಂದೋ ಓಗೊಡಬೇಕು. ಆ ಮನೆಗೆ ಓಗೊಡುವ ಮನೆ ಎಂದೇ ಹೆಸರು. ಇಲ್ಲ ಎಂದಾಗ ಸಾತಿನವರು ಬೈಯುತ್ತಿರಲಿಲ್ಲ. ದಿಣ್ಣೆಯ ಕಡೆಗೆ ಕೈಮುಗಿದು ಬಲಕ್ಕೆ ತಿರುಗುತ್ತಿದ್ದರು. ಆ ಒಂದು ನಿಜದ ಮೇಲೆ ಸವುಳರಸರ ರಾಜ್ಯ ನಿಂತಿತ್ತು ಎನ್ನುತ್ತಾರೆ. ಕೋಟೆಯ ಕಲ್ಲುಗಳ ಮೇಲಲ್ಲ.

ಮಾಳಿಗನಾದ ಮೇಲೆ ಹಲವು ತಲೆಮಾರು ಕಳೆದು ಇರುಗರಸ ಪಟ್ಟಕ್ಕೆ ಬಂದ. ಹುಟ್ಟಿದಾಗಿನಿಂದ ಬಾಯಾರಿಕೆ ಕಂಡವನಲ್ಲ. ಶಕುನ, ಮುಹೂರ್ತ, ಮಂಗಳ, ಅಮಂಗಳ, ಇವುಗಳಲ್ಲೇ ಮುಳುಗಿ ಏಳುವ ಮನುಷ್ಯ. ಅವನ ಕಾಲಕ್ಕೆ ಮಳೆ ಹಿಂದೆಗೆಯಿತು, ಬಾವಿಯ ಒರತೆ ಸಣ್ಣದಾಯಿತು, ದಿಣ್ಣೆಯ ಮೇಲಿನಿಂದ ಇಲ್ಲ ಎಂಬ ಮಾತು ಮೇಲಿಂದ ಮೇಲೆ ಕೇಳತೊಡಗಿತು. ಒಂದು ದಿನ ಅರಸನ ಮೆರವಣಿಗೆ ಆ ಕಡೆ ಹೋಗುವಾಗಲೇ ಮೇಲಿನಿಂದ "ಇಲ್ಲ" ಎಂದು ಕೂಗಿದ್ದು ಅವನ ಕಿವಿಗೆ ಬಿತ್ತು. ಅರಸನ ಮುಖ ಕಪ್ಪಿಟ್ಟಿತು. ಅರಮನೆಗೆ ಬಂದವನೇ ಹೀಗೆ ಕಟ್ಟಪ್ಪಣೆ ಮಾಡಿದ: "ಬಡವರ ಮನೆಯ ಹೆಂಗಸರೂ ಅಕ್ಕಿ ತೀರಿದಾಗ ಇಲ್ಲ ಎನ್ನುವುದಿಲ್ಲ, ಹೆಚ್ಚಿದೆ ಎನ್ನುತ್ತಾರೆ. ಬಳೆ ಒಡೆದರೆ ಹೆಚ್ಚಿತು ಎನ್ನುತ್ತಾರೆ. ಅವರಿಗಿರುವ ಮರ್ಯಾದೆ ನನ್ನ ರಾಜ್ಯಕ್ಕೆ ಬೇಡವೇ? ಇಂದಿನಿಂದ ಬಾವಿ ಬತ್ತಿದ ದಿನ ನೀರು ಹೆಚ್ಚಿದೆ ಎನ್ನತಕ್ಕದ್ದು. ಇಲ್ಲ ಎಂದ ನಾಲಿಗೆ ಬಾಯಲ್ಲಿ ಉಳಿಯುವುದಿಲ್ಲ."

ಕನ್ನಡದಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ತಾಯಂದಿರು ಅಡಿಗೆಮನೆಯಿಂದ ಅಕ್ಕಿ ಹೆಚ್ಚಿದೆ ಎಂದರೆ ನಾವು ಚೀಲ ಹಿಡಿದು ಅಂಗಡಿಗೆ ಹೋಗುತ್ತಿದ್ದೆವೇ ಹೊರತು, ಹೆಚ್ಚಾದ ಅಕ್ಕಿ ಯಾರಿಗೆ ಕೊಡಲಿ ಎಂದು ಕೇಳುತ್ತಿರಲಿಲ್ಲ. ಸಾತುಗಳಲ್ಲಿಯ ಕನ್ನಡದವರಿಗೂ ಅರ್ಥವಾಯಿತು. ದಿಣ್ಣೆಯಿಂದ "ಹೆಚ್ಚಿದೆ" ಎಂದು ಕೇಳಿದೊಡನೆ ಮುಖ ಸಣ್ಣಗೆ ಮಾಡಿಕೊಂಡು ಹೊಳೆಯ ಕಡೆ ತಿರುಗಿದರು. ಅರಸ ತನ್ನ ಜಾಣತನಕ್ಕೆ ತಾನೇ ಮೀಸೆ ತಿರುವಿಕೊಂಡ. ಆದರೆ ಬಡಗಣ ಮರುಭೂಮಿಯಿಂದ ಕುದುರೆ ತರುವವರು, ಕಡಲಾಚೆಯಿಂದ ಕರ್ಪೂರ ತರುವವರು? ಅವರಿಗೆ ಬರುತ್ತಿದ್ದುದು ಸಂತೆಯ ಕನ್ನಡ. ಎಷ್ಟು, ಏನು, ಕೊಡು, ತಾ, ಉಂಟು, ಇಲ್ಲ. ಅಡಿಗೆಮನೆಯ ಕನ್ನಡ ಅವರಿಗೆ ಯಾರು ಕಲಿಸುತ್ತಾರೆ? ಮೊದಲು ಬಂದ ಅಂಥ ಸಾತು ದಿಣ್ಣೆಯ ಕೆಳಗೆ ನಿಂತು ನೀರುಂಟೇ ಎಂದಿತು. "ನೀರು ಹೆಚ್ಚಿದೆ" ಎಂಬ ಉತ್ತರ ಕೇಳಿ, ಉಕ್ಕಿ ಹರಿಯುತ್ತಿರಬೇಕು ಎಂದುಕೊಂಡು, ತೊಗಲಿನ ಚೀಲದಲ್ಲಿ ಉಳಿದಿದ್ದ ಗುಟುಕನ್ನೂ ದನಗಳಿಗೆ ಕುಡಿಸಿ, ಹಾಡುತ್ತ ಎಡಕ್ಕೆ ತಿರುಗಿತು.

ಆ ದಿನ ಹೇರುಪಟ್ಟಣದಲ್ಲಿ ಏನು ನಡೆಯಿತು ಎಂಬುದನ್ನು ನಮ್ಮ ಅಜ್ಜಿ ಹೇಳುವಾಗ ದನಿ ತಗ್ಗಿಸುತ್ತಿದ್ದಳು. ಬಾವಿಯ ತಳದಲ್ಲಿ ಒಸರುವ ನೀರನ್ನು ಬಟ್ಟೆಯಲ್ಲಿ ಹಿಂಡಿ ಮನೆಗೊಂದು ತಂಬಿಗೆಯಂತೆ ಹಂಚುತ್ತಿದ್ದ ಕಾಲ. ಬಂದವರಿಗೆ ಕೊಟ್ಟರೆ ಮನೆಯ ಮಕ್ಕಳಿಗಿಲ್ಲ. ಊರವರು ಒಬ್ಬರ ಮುಖ ಒಬ್ಬರು ನೋಡದೆ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಮೊದಲು ಕೂಗಾಟ ಕೇಳಿತು, ಆಮೇಲೆ ಬಾಗಿಲು ಬಡಿಯುವ ಸದ್ದು, ಆಮೇಲೆ ಉಗುರಿನಿಂದ ಕೆರೆಯುವ ಸದ್ದು. ಒಳಗಿದ್ದವರು ಮಕ್ಕಳ ಕಿವಿಯಲ್ಲಿ ಹತ್ತಿ ತುರುಕಿದರು. ಬಾಗಿಲು ತೆರೆಯುವ ಹೊತ್ತಿಗೆ ಹೊರಗೆ ಯಾವ ಸದ್ದೂ ಇರಲಿಲ್ಲ. ಒಡೆಯರಿಲ್ಲದ ಹೇರು ಅರಮನೆಗೆ ಸೇರಬೇಕೆಂಬ ಕಟ್ಟಳೆಯಂತೆ ಕರ್ಪೂರ, ರೇಷ್ಮೆ ಎಲ್ಲ ಅರಮನೆಗೆ ಹೋಯಿತು. ಅರಸ ಆ ರಾಶಿಯ ಸುತ್ತ ನಡೆದು ರೇಷ್ಮೆಯನ್ನು ಕೈಯಿಂದ ಸವರಿ ನೋಡಿದನಂತೆ. ಅಪ್ಪಣೆಯನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದು ಮಂತ್ರಿ ಹೇಳಿದ್ದಕ್ಕೆ, "ನಾವೇನು ಸುಳ್ಳು ಹೇಳಿದೆವೇ? ಅವರಿಗೆ ಭಾಷೆ ಬಾರದಿದ್ದರೆ ನಾವು ಹೊಣೆಯೇ?" ಎಂದ. ಅಲ್ಲಿಂದ ಮುಂದೆ ಪಟ್ಟಣದ ಹೆಂಗಸರ ಮೈಮೇಲೆ ಅರಮನೆ ಹಂಚಿದ ಹೊಸ ರೇಷ್ಮೆ ಕಾಣಿಸತೊಡಗಿತು. ಉಟ್ಟವರಿಗೆ ಅದು ಯಾರದೆಂದು ಗೊತ್ತಿತ್ತು. ಉಡದಿದ್ದರೆ ಅರಮನೆಯವರು ಯಾಕೆ ಎಂದು ಕೇಳುತ್ತಿದ್ದರು.

ಓಗೊಡುವ ಮನೆಯ ಯಜಮಾನ ಕೇತಯ್ಯ. ಅವನ ಹೆಂಡತಿ ಬಾಚವ್ವೆ. ಒಬ್ಬಳೇ ಮಗಳು, ಏಚಲೆ. ಅಪ್ಪಣೆ ಹೊರಡುವ ಮುಂಚೆಯೇ ಈ ಏಚಲೆಯನ್ನು ಮರುಭೂಮಿಯ ಕುದುರೆ ವ್ಯಾಪಾರಿ ಜೇಸಲನೆಂಬವನಿಗೆ ಕೊಟ್ಟಿದ್ದರು. ಅವನು ಸಾತಿನ ಜೊತೆ ಬಂದು ಹೋಗುವಾಗ ದಿಣ್ಣೆಯ ಹುಡುಗಿಯನ್ನು ಕಂಡು ಮನಸೋತು, ತಾನೇ ಬಂದು ಕೇಳಿದ್ದ. ಎಲ್ಲಿಯ ಸವುಳು, ಎಲ್ಲಿಯ ಮರುಭೂಮಿ ಎಂದು ನೆಂಟರು ಆಡಿಕೊಂಡರೂ, ಹುಡುಗ ಒಳ್ಳೆಯವನೆಂದು ಕೇತಯ್ಯ ಒಪ್ಪಿದ. ಮೊದಲ ಬಾಣಂತನಕ್ಕೆ ತವರಿಗೆ ಕಳಿಸಬೇಕು ಎಂಬುದೊಂದೇ ಬಾಚವ್ವೆ ಅಳಿಯನಿಂದ ಪಡೆದ ಮಾತು. ಮದುವೆಯಾಗಿ ಹೋದ ಏಚಲೆಗೆ ಆಮೇಲೆ ಊರಿನಲ್ಲಿ ಏನೇನಾಯಿತೆಂಬುದು ತಿಳಿಯಲಿಲ್ಲ. ತಿಳಿಸಬೇಕೆಂದರೂ ಆ ಕಡೆಗೆ ಹೋಗುವವರ ಬಾಯಿಗೆ ಅರಸನ ಭಯವೇ ಬೀಗವಾಗಿತ್ತು.

ಮೊದಲ ಸಾತು ಅಳಿದುದನ್ನು ಕಂಡ ಕೇತಯ್ಯನಿಗೆ ಊಟ ಸೇರಲಿಲ್ಲ. ಎರಡನೆಯದು ಕೆಳಗೆ ಬಂದು ನಿಂತಾಗ ಅವನು ಎದ್ದು ನಿಂತು, ಗಂಟಲು ಹರಿಯುವಂತೆ "ಇಲ್ಲ, ಇಲ್ಲ, ಹೊಳೆಗೆ ಹೋಗಿ" ಎಂದು ಕೂಗಿಬಿಟ್ಟ. ಆ ಸಾತು ಉಳಿಯಿತು. ಕೇತಯ್ಯನನ್ನು ಮರುದಿನ ಸಂತೆಯ ನಡುವೆ ನಿಲ್ಲಿಸಿ ನಾಲಿಗೆ ಕೊಯ್ದರು. ಹೆಂಡತಿಯನ್ನು ಎದುರಿಗೆ ನಿಲ್ಲಿಸಿಕೊಂಡೇ ಕೊಯ್ದರು. ನಂಜೇರಿ ವಾರದೊಳಗೆ ಸತ್ತ. ಅವನ ಚಿತೆ ಆರುವ ಮುನ್ನವೇ ಅರಮನೆಯಿಂದ ಆಳು ಬಂದು, ಓಗೊಡುವ ಕೆಲಸ ಇನ್ನು ನಿನ್ನದು ಎಂದು ಬಾಚವ್ವೆಗೆ ಹೇಳಿದ. ಜೊತೆಗೆ ಬೀಚಣನೆಂಬ ಭಟನನ್ನು ದಿಣ್ಣೆಯ ಮೇಲೆ ಕಾವಲಿಗೆ ಹಾಕಿದರು. ಅವಳು ಇಲ್ಲ ಎಂದರೆ ಅವಳ ನಾಲಿಗೆ, ತಡೆಯದಿದ್ದರೆ ಅವನ ತಲೆ.

ಬಾಚವ್ವೆ ಹೆದರಿದಳು. ಅದನ್ನು ಮುಚ್ಚಿಡುವುದೇಕೆ? ಕತ್ತಿಯ ಬಾಯಿಗೆ ತಾನಾಗಿ ನಾಲಿಗೆ ಕೊಡುವವರು ಸಾವಿರಕ್ಕೊಬ್ಬರು, ಆ ಒಬ್ಬ ಅವಳ ಮನೆಯಲ್ಲೇ ಇದ್ದು ಹೋಗಿದ್ದ. ಗಂಡನ ಬಾಯಿಂದ ಹರಿದ ರಕ್ತ ಅವಳ ಕಣ್ಣ ಮುಂದಿನಿಂದ ಸರಿಯಲಿಲ್ಲ. ಪರದೇಶದ ಸಾತು ಬಂದಾಗಲೆಲ್ಲ ಕಣ್ಣು ಮುಚ್ಚಿ, "ನೀರು ಹೆಚ್ಚಿದೆ" ಎನ್ನುತ್ತಿದ್ದಳು. ಸುಳ್ಳಲ್ಲ, ಸುಳ್ಳಲ್ಲ, ನಾನು ಆಡಿದ್ದು ಸುಳ್ಳಲ್ಲ ಎಂದು ಆಮೇಲೆ ತನ್ನಷ್ಟಕ್ಕೆ ಗೊಣಗುತ್ತಿದ್ದಳಂತೆ. ಕೆಳಗಿನಿಂದ ಹಾಡು ಕೇಳಿದರೆ ಅವಳು ಕಿವಿ ಮುಚ್ಚಿಕೊಳ್ಳುತ್ತಿದ್ದಳು, ಏಕೆಂದರೆ ಹಾಡುವವರು ಎಡಕ್ಕೆ ತಿರುಗಿದರು ಎಂದರ್ಥ. ರೇಷ್ಮೆಯ ಪಾಲು ಅವಳ ಮನೆಗೂ ಬರುತ್ತಿತ್ತು. ಅದನ್ನು ಬಿಚ್ಚದೆ ಅಟ್ಟಕ್ಕೆ ಎಸೆಯುತ್ತಿದ್ದಳು.

ಒಂದು ಬೇಸಗೆಯ ಸಂಜೆ ಕೆಳಗೆ ಒಂಟೆಗಳ ಗಂಟೆ ಕೇಳಿಸಿತು. ಧೂಳಿನಲ್ಲಿ ಮುಖ ಕಾಣುತ್ತಿರಲಿಲ್ಲ. ಅಷ್ಟರಲ್ಲಿ, ದಿಣ್ಣೆಯ ಮೇಲೆ ನಿಂತವಳ ಗುರುತು ಹಿಡಿದಂತೆ, ಕೂಗು ಬಂತು: "ನೀರುಂಟೇ, ಅತ್ತೇ?" ಜೇಸಲನ ದನಿ! ಧೂಳಿನ ನಡುವೆ ಕಮಾನು ಕಟ್ಟಿದ ಗಾಡಿಯೊಂದು ಮಸುಕಾಗಿ ಕಂಡಿತು. ಬಾಣಂತನಕ್ಕೆ ಮಗಳು ಬಂದಿದ್ದಾಳೆ. ಬಾವಿಯಲ್ಲಿ ಮಣ್ಣು ಬಿಟ್ಟು ಏನೂ ಇಲ್ಲದ ದಿನ ಬಂದಿದ್ದಾಳೆ. ಬಾಚವ್ವೆಯ ನಾಲಿಗೆಯ ತುದಿಗೆ ಇಲ್ಲ ಎಂಬ ಮಾತು ಬಂದೇಬಿಟ್ಟಿತು. ಪಕ್ಕದಲ್ಲಿ ಬೀಚಣ ಒರೆಯಿಂದ ಕತ್ತಿಯನ್ನು ಅರ್ಧ ಎಳೆದ. ಅದು ಅವನ ಅಭ್ಯಾಸ, ಪ್ರತಿ ಸಲವೂ ಎಳೆಯುತ್ತಿದ್ದ. ಅದನ್ನು ಕಂಡ ಆ ಗಳಿಗೆಯಲ್ಲಿ ಬಾಚವ್ವೆಗೆ ಒಂದು ಉಪಾಯ ಹೊಳೆಯಿತು, ಹೊಳೆದದ್ದೇ ಜೀವ ಬಂದಂತಾಯಿತು. ಗಾಡಿಯಲ್ಲಿ ಏಚಲೆ ಇದ್ದಾಳಲ್ಲ! ನನ್ನ ಜೊತೆ ಅಡಿಗೆಮನೆಯಲ್ಲಿ ಬೆಳೆದವಳು. ನೆರೆಮನೆಗೆ ಅಕ್ಕಿ ಕೇಳಲು ನಾನೇ ಅವಳನ್ನು ಎಷ್ಟು ಸಲ ಕಳಿಸಿಲ್ಲ? ಪರದೇಶದವರಿಗೆ ತಿಳಿಯದಿದ್ದರೇನು, ನನ್ನ ಮಗಳಿಗೆ ಹೆಚ್ಚಿದೆ ಎಂದರೆ ಏನೆಂದು ಹೇಳಿಕೊಡಬೇಕೇ? ಕೇಳಿದ ಕೂಡಲೇ ಗಂಡನಿಗೆ ಹೇಳಿ ಗಾಡಿ ತಿರುಗಿಸುತ್ತಾಳೆ. ಹೀಗೆಂದುಕೊಂಡು ಬಾಚವ್ವೆ, ಎಂದೂ ಕೂಗದಷ್ಟು ಗಟ್ಟಿಯಾಗಿ, ಹೆಚ್ಚು ಕಡಿಮೆ ಸಂತೋಷದಿಂದಲೇ ಎನ್ನಬೇಕು, "ಹೆಚ್ಚಿದೆ, ನೀರು ಹೆಚ್ಚಿದೆ" ಎಂದು ಕೂಗಿದಳು.

ಕೆಳಗೆ ಸ್ವಲ್ಪ ಹೊತ್ತು ಎಲ್ಲ ನಿಂತಿತ್ತು. ಈಗ ಹೇಳುತ್ತಿದ್ದಾಳೆ, ಈಗ ತಿರುಗುತ್ತಾರೆ ಎಂದು ಬಾಚವ್ವೆ ಬಲಗಡೆಯ ದಾರಿಯನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಡೋಲು ಬಡಿಯಿತು. ಯಾರೋ ಕೇಕೆ ಹಾಕಿದರು. ಹಾಡು ಶುರುವಾಯಿತು. ಮುಂದಿನ ಒಂಟೆ ಎಡಕ್ಕೆ ತಿರುಗಿತು, ಅದರ ಹಿಂದೆ ಕುದುರೆಗಳು, ಕುದುರೆಗಳ ಹಿಂದೆ ಕಮಾನಿನ ಗಾಡಿ. ಬಾಚವ್ವೆ ದಿಣ್ಣೆಯ ಅಂಚಿಗೆ ಓಡಿದಳು. "ಇಲ್ಲ! ಏಚಲೇ, ಇಲ್ಲ! ನೀರಿಲ್ಲ!" ಎಂದು ಕಿರುಚಿದಳು. ಸಂಜೆಯ ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸುತ್ತಿತ್ತು. ಅವರ ಹಾಡು ಅವಳಿಗೆ ಕೇಳುತ್ತಿತ್ತು, ಅವಳ ಕೂಗು ಅವರಿಗೆ ಕೇಳಲಿಲ್ಲ. ಬೀಚಣ ಬಂದು ಅವಳ ಬಾಯಿ ಒತ್ತಿ ಹಿಡಿದ. "ಸುಮ್ಮನಿರು ತಾಯಿ, ನನ್ನ ಮನೆಯಲ್ಲೂ ಮಕ್ಕಳಿದ್ದಾರೆ" ಎಂದು ಬೇಡಿಕೊಂಡ. ಬಾಚವ್ವೆ ಅವನ ಕೈಯನ್ನು ಮೂಳೆ ಮುಟ್ಟುವಂತೆ ಕಚ್ಚಿ, ಬಿಡಿಸಿಕೊಂಡು, ದಿಣ್ಣೆ ಇಳಿದು ಓಡಿದಳು.

ಅವಳು ಬಂದು ಮುಟ್ಟುವ ಮೊದಲೇ ಸಾತು ಬಾವಿಯ ಬಳಿ ಇಳಿದಿತ್ತು. ಊರಿನ ಬಾಗಿಲುಗಳೆಲ್ಲ ವಾಡಿಕೆಯಂತೆ ಮುಚ್ಚಿದ್ದವು. ಜೇಸಲ ತಾನೇ ಹಗ್ಗ ಬಿಟ್ಟ. ಕೊಡ ಕೆಳಗೆ ಕಲ್ಲಿಗೆ ತಗಲಿ ಠಣ್ಣೆಂದಿತು. ಮತ್ತೊಂದು ಮೂಲೆಯಲ್ಲಿ ಬಿಟ್ಟ, ಅಲ್ಲೂ ಅದೇ ಸದ್ದು. ಅವನು ಗಾಡಿಯ ಬಳಿಗೆ ಬಂದು ಪರದೆ ಸರಿಸಿದ. ಏಚಲೆಗೆ ಆ ಮಧ್ಯಾಹ್ನದಿಂದಲೇ ಬೇನೆ ಕಾಣಿಸಿಕೊಂಡಿತ್ತು. ಬಿಸಿಲಿಗೂ ನೋವಿಗೂ ಬಳಲಿ ಮಲಗಿದ್ದಳು. ಗಂಡನ ಕೈ ತಗಲಿ ಎಚ್ಚರವಾಯಿತು. "ಊರು ಬಂತೇ?" ಎಂದಳು.

"ಬಂತು. ಬಾವಿಯಲ್ಲಿ ನೀರು ಕಾಣುವುದಿಲ್ಲ. ಬೇರೆ ಬಾವಿ ಎಲ್ಲಿದೆ ಹೇಳು" ಎಂದ ಜೇಸಲ.

"ಬೇರೆ ಬಾವಿ ಎಲ್ಲಿಯದು? ದಿಣ್ಣೆಯ ಕೆಳಗೆ ಕೇಳಲಿಲ್ಲವೇ? ಅಪ್ಪ ಏನೆಂದ?"

"ಕೇಳಿದೆ. ಓಗೊಟ್ಟವರು ಅತ್ತೆ. ಎರಡೆರಡು ಸಲ ಹೇಳಿದರು, ನೀರು ಹೆಚ್ಚಿದೆ ಎಂದರು."

ಏಚಲೆ ಮೊಣಕೈ ಊರಿ ಏಳಲು ನೋಡಿದಳು. "ಅಯ್ಯೋ, ಅವ್ವ ಇಲ್ಲ ಎಂದಿದ್ದಾಳಲ್ಲ" ಎಂದಳು.

"ಇಲ್ಲ ಎನ್ನಲಿಲ್ಲ, ನನ್ನ ಕಿವಿಯಾರೆ ಕೇಳಿದ್ದೇನೆ. ಹೆಚ್ಚಿದೆ ಎಂದರು."

"ಅದೇ ಇಲ್ಲ" ಎಂದಳು ಏಚಲೆ.

ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಹೆಂಡತಿಯನ್ನು ನೋಡಿ, "ನಮ್ಮ ಮರುಭೂಮಿಯಲ್ಲಿ ನೀರಿದ್ದರೆ ಇದೆ ಎನ್ನುತ್ತೇವೆ, ಇಲ್ಲದಿದ್ದರೆ ಇಲ್ಲ ಎನ್ನುತ್ತೇವೆ. ನೀವು ಹೇಗೆ ಬದುಕುತ್ತೀರಿ?" ಎಂದನಂತೆ. ಆಮೇಲೆ ಅವನೂ ಅವನ ಜನರೂ ಮನೆಮನೆಯ ಬಾಗಿಲು ಬಡಿಯಲು ಹೋದರು. ಯಾವ ಬಾಗಿಲೂ ತೆರೆಯಲಿಲ್ಲ.

ಬಾಚವ್ವೆ ದಿಣ್ಣೆಯ ಮನೆಯಿಂದ ತನ್ನ ಪಾಲಿನ ತಂಬಿಗೆ ನೀರನ್ನು ಎದೆಗೆ ಅವಚಿಕೊಂಡು ಬಂದಿದ್ದಳು. ದಾರಿಯಲ್ಲಿ ಎಷ್ಟು ಚೆಲ್ಲಿತೋ, ಎಷ್ಟು ಉಳಿಯಿತೋ. ಗಾಡಿಯೊಳಗೆ ಹತ್ತಿ ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ತುಟಿಗೆ ತಂಬಿಗೆ ಹಿಡಿದಳು. ಏಚಲೆ ಬೈಯಲಿಲ್ಲ, ಅಳಲಿಲ್ಲ. ಒಂದು ಗುಟುಕು ಕುಡಿದು ಅವ್ವನ ಮುಖ ನೋಡಿ, "ನಾನು ಕೇಳಿಸಿಕೊಳ್ಳುತ್ತೇನೆ ಅಂದುಕೊಂಡೆ, ಅಲ್ಲವೇ ಅವ್ವಾ? ಕಣ್ಣು ಹತ್ತಿಬಿಟ್ಟಿತ್ತು" ಎಂದಳು. ಬಾಚವ್ವೆ ಉಪಾಯ ಮಾಡಿದ್ದು, ಹೆದರಿದ್ದು, ತನ್ನ ನಾಲಿಗೆಯನ್ನೂ ಉಳಿಸಿಕೊಂಡು ಮಗಳನ್ನೂ ಉಳಿಸಿಕೊಳ್ಳಲು ನೋಡಿದ್ದು, ಎಲ್ಲವನ್ನೂ ಮಗಳು ಒಂದೇ ಮಾತಿನಲ್ಲಿ ತಿಳಿದುಕೊಂಡಿದ್ದಳು. ಮರುದಿನ ಬಿಸಿಲೇರುವಷ್ಟರಲ್ಲಿ ಏಚಲೆ ಹೋದಳು. ಹೊಟ್ಟೆಯ ಕೂಸು ಹೊರಗೆ ಬರಲೇ ಇಲ್ಲ. ಹೆಂಡತಿಯನ್ನು ಬಿಟ್ಟು ಹೋಗಲೊಲ್ಲದ ಜೇಸಲ ಬಾವಿಯ ಮೆಟ್ಟಿಲ ಮೇಲೆಯೇ ಮುಗಿದ. ಅರಮನೆಯವರು ಕುದುರೆಗಳ ಹೇರನ್ನು ಎಣಿಸಲು ಬಂದಾಗ ಬಾಚವ್ವೆ ಇನ್ನೂ ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದಳು.

ದಿಣ್ಣೆಯ ಮೇಲೆ ಅವಳು ಇಲ್ಲ ಎಂದು ಕಿರುಚಿದ್ದು ಅರಸನಿಗೆ ತಿಳಿಯಿತು. ನಾಲಿಗೆ ಕೊಯ್ದರು. ಈ ಸಲ ಅವಳು ಹೆದರಲಿಲ್ಲ, ತಾನಾಗಿ ಬಾಯಿ ತೆರೆದಳು ಎನ್ನುತ್ತಾರೆ. ಹಣೆಯ ಬರಹವೋ ಏನೋ, ಗಂಡನಂತೆ ಸಾಯಲಿಲ್ಲ. ಗಾಯ ಮಾಯುವ ಮೊದಲೇ ಮನೆಯ ನೀರಿನ ಕೊಡವನ್ನು ಎತ್ತಿಕೊಂಡು ಹೋಗಿ, ಕವಲುದಾರಿಯ ಎಡಗಡೆಯ ಬಾಯಿಗೆ ಅಡ್ಡ ಕುಳಿತಳು. ಮುಂದೆ ಸಾತು ಬಂತು, ನೀರುಂಟೇ ಎಂದಿತು. ದಿಣ್ಣೆಯ ಮೇಲಿನಿಂದ ಅರಮನೆಯ ಹೊಸ ಆಳು ಹೆಚ್ಚಿದೆ ಎಂದ. ಬಾಚವ್ವೆ ಎದ್ದು ನಿಂತು, ಎರಡೂ ಕೈಯಲ್ಲಿ ಕೊಡವನ್ನು ಮೇಲೆತ್ತಿ, ಎಲ್ಲರಿಗೂ ಕಾಣುವಂತೆ ಬೋರಲು ಮಾಡಿದಳು. ಒಂದು ಹನಿಯೂ ಬೀಳಲಿಲ್ಲ. ರಕ್ತ ಕಟ್ಟಿದ ಬಾಯಿಯ ಆ ಮುದುಕಿಯನ್ನು ಕಂಡು ಸಾತಿನವರು ಮೊದಲು ಬೆಚ್ಚಿದರು, ಆಮೇಲೆ ಬಲಕ್ಕೆ ತಿರುಗಿದರು. ಬೋರಲು ಕೊಡಕ್ಕೆ ಕನ್ನಡವೂ ಬೇಕಿಲ್ಲ, ಬೇರೆ ಭಾಷೆಯೂ ಬೇಕಿಲ್ಲ. ಆ ಸಾತಿನವರು ಇನ್ನೊಂದು ಸಾತಿಗೆ ಹೇಳಿದರು, ಅವರು ಮತ್ತೊಂದಕ್ಕೆ. ಹೇರುಪಟ್ಟಣದ ಮಾತನ್ನು ನಂಬಬೇಡಿ ಎಂಬ ಸುದ್ದಿ ಕಡಲಿನ ತನಕ, ಮರುಭೂಮಿಯ ತನಕ ಮುಟ್ಟಿತು.

ಅವಳನ್ನು ಎಳೆದುಹಾಕಿ ಎಂದು ಅರಸ ಭಟರನ್ನು ಕಳಿಸಿದ. ಅವರಲ್ಲಿ ಬೀಚಣನೂ ಇದ್ದ. ಹೋದವರು ಅವಳ ಮುಂದೆ ನಿಂತರು, ಕತ್ತಿಯನ್ನು ನೆಲಕ್ಕೆ ಹಾಕಿದರು, ಹಾಗೆಯೇ ಬಲಗಡೆಯ ದಾರಿ ಹಿಡಿದು ಹೊಳೆಯ ಕಡೆ ನಡೆದರು, ತಿರುಗಿ ಬರಲಿಲ್ಲ. ಅವರ ಹೆಂಡಿರು ಮಕ್ಕಳು ಹಿಂದೆಯೇ ಹೋದರು. ಆಮೇಲೆ ಸೆಟ್ಟಿಗಳು, ಆಮೇಲೆ ನೇಕಾರರು, ಆಮೇಲೆ ಪೂಜಾರಿಗಳು. ಹೇರಿಲ್ಲ, ಸುಂಕವಿಲ್ಲ, ಸಂತೆಯಿಲ್ಲ. ಕೋಟೆಯ ಬಾಗಿಲು ಮುಚ್ಚುವವರಿಲ್ಲದೆ ಗಾಳಿಗೆ ಬಡಿದುಕೊಳ್ಳುತ್ತಿತ್ತು. ಅರಮನೆಯ ತುಂಬ ರೇಷ್ಮೆ, ಕರ್ಪೂರ, ಸತ್ತವರ ಪೆಟ್ಟಿಗೆಗಳು. ನಡುವೆ ಇರುಗರಸ, ಅವನ ಜೊತೆಗೆ ಒಬ್ಬ ಕಿವಿ ಮಂದವಾದ ಮುದಿ ಸೇವಕ. ಅರಮನೆಯ ತೊಟ್ಟಿಯ ನೀರು ಮುಗಿದ ದಿನ ಅರಸ ಹಾಸಿಗೆಯಲ್ಲಿ ಮಲಗಿ, "ನೀರು ತಾ" ಎಂದ. ಸೇವಕ ಹೋಗಿ ತೊಟ್ಟಿಯನ್ನು ನೋಡಿ ಬಂದು, ಕೈಕಟ್ಟಿ, ಕಟ್ಟಪ್ಪಣೆಗೆ ತಪ್ಪದೆ, "ಹೆಚ್ಚಿದೆ, ಪ್ರಭು" ಎಂದ. ಅರಸ ಆ ಮಾತಿನ ಮೇಲೆ ಮೂರು ದಿನ ಬದುಕಿದ್ದ ಎನ್ನುತ್ತಾರೆ. ಆ ಮೂರು ದಿನವೂ ಅವನು ಒಂದೇ ಮಾತು ಕೇಳುತ್ತಿದ್ದ, ಸೇವಕ ಒಂದೇ ಉತ್ತರ ಕೊಡುತ್ತಿದ್ದ.

ಈಗ ಅರಮನೆಯ ಜಾಗದಲ್ಲಿ ಹಾಳುಗೋಡೆ ಇದೆ, ಅದರೊಳಗೆ ಕುರಿ ಕೂಡಿಹಾಕುತ್ತಾರೆ. ಬಾವಿ ಮಾತ್ರ ಹಾಗೆಯೇ ಇದೆ. ಹೆಚ್ಚಿದೆ ಎಂಬ ಮಾತಿಗೆ ಸತ್ತವರೆಲ್ಲರ ನೆನಪಿಗೆ ಅದಕ್ಕೆ ಆ ಹೆಸರು ನಿಂತಿತು, ಬದನೆಕಾಯಿಯಿಂದಲ್ಲ. ಬಂದು ನೋಡಿದವರಿಗೆ ನಮ್ಮೂರಿನ ಇನ್ನೊಂದು ಸಂಗತಿ ಒರಟಾಗಿ ಕಾಣುತ್ತದೆ. ಇಡೀ ಕನ್ನಡನಾಡಿನಲ್ಲಿ ಅಕ್ಕಿ ತೀರಿದರೆ ಹೆಚ್ಚಿದೆ ಎನ್ನುವಾಗ, ಹೇರಟ್ಟಿಯ ಹೆಂಗಸರು ಮುಖಕ್ಕೆ ಹೊಡೆದಂತೆ ಇಲ್ಲ ಎನ್ನುತ್ತಾರೆ. ಮಜ್ಜಿಗೆ ಕೇಳಿದರೆ ಇಲ್ಲ, ಇಳಿದುಕೊಳ್ಳಲು ಜಾಗ ಕೇಳಿದರೆ ಇಲ್ಲ. ಇದ್ದರೆ ಮಾತ್ರ ಕರೆದು ಕೂಡಿಸಿ ಕೊಡುತ್ತಾರೆ. ಎಂಥ ಜನವಪ್ಪಾ ಎಂದು ನೆಂಟರು ಮುಖ ತಿರುಗಿಸಿಕೊಂಡು ಹೋದದ್ದುಂಟು. ಹೋಗಲಿ ಬಿಡಿ.

ಹೊರ ಊರಿನಿಂದ ಬಂದ ಸೊಸೆಯರಿಗೆ ತವರಿನ ಮಾತು ಬಾಯಲ್ಲಿ ಕುಳಿತಿರುತ್ತದೆ. ಹೋದ ಶ್ರಾವಣದಲ್ಲಿ ನಮ್ಮ ಪಕ್ಕದ ಮನೆಗೆ ಬಂದ ಹೊಸ ಸೊಸೆ, ಪಾಪ, ಒಳ್ಳೆಯ ಮನೆತನದ ಹುಡುಗಿ, ಒಳಗಿನಿಂದ "ಅತ್ತೀ, ಅಕ್ಕಿ ಹೆಚ್ಚ್ಯಾವ್ರಿ" ಎಂದಳು. ಆ ಮನೆಯ ಪಡಸಾಲೆಯಲ್ಲಿ ಕುಳಿತಿದ್ದ ನಾನೂ ಒಳಗೆ ತಿರುಗಿ ನೋಡಿದೆ. ಅತ್ತೆ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದಳು. ಬೈಯಲಿಲ್ಲ. ಸೊಸೆಯ ಕೈ ಹಿಡಿದುಕೊಂಡು ಬಾವಿಯ ತನಕ ನಡೆಸಿಕೊಂಡು ಹೋದಳು, ಮೇಲಿನ ಮೆಟ್ಟಿಲ ಮೇಲೆ ನಿಲ್ಲಿಸಿ ಈ ಕಥೆಯನ್ನೆಲ್ಲ ಹೇಳಿದಳು. ಪ್ರತಿ ಮನೆಯ ಸೊಸೆಗೂ ಹೀಗೆ ಒಂದು ದಿನ ಬರುತ್ತದೆ. ನೋಡುವವರು ಈಗಲೂ ನೋಡಬಹುದು. ಕಥೆ ಮುಗಿದ ಮೇಲೆ ಸೊಸೆ ಬಯಲಿನ ಕಡೆಗೆ ಮುಖ ಮಾಡಿ, ಇಲ್ಲ ಎಂದು ಒಮ್ಮೆ ಕೂಗಬೇಕು. ಆ ಹುಡುಗಿ ನಾಚಿಕೊಂಡು, ಸೆರಗು ಬಾಯಿಗೆ ಅಡ್ಡ ಹಿಡಿದು, ಸಣ್ಣಗೆ ಇಲ್ಲ ಎಂದಳು. ಅತ್ತೆ ಅವಳ ಸೆರಗನ್ನು ಮೆಲ್ಲಗೆ ಸರಿಸಿ, "ಇನ್ನೊಮ್ಮೆ ಅನ್ನವಾ" ಎಂದಳು, "ದಾರ್ಯಾಗ ಹೋಗಾವ್ರಿಗೆ ಕೇಳಬೇಕು."